ಬೂಷ್ಟಿನಿಂದ ಸೋಪು ಆಗುತ್ತಾ? ಆಗುತ್ತೆ, ಆದ್ರೆ ಅಂಗಡಿ ರೇಟಿಗೆ ಯಾಕೆ ಇಳೀತಿಲ್ಲ ಅನ್ನೋದು ಇಲ್ಲಿದೆ

ಪಾತ್ರೆ ತೊಳೆಯೋ ಲಿಕ್ವಿಡ್, ನೆಲ ಒರೆಸೋ ಲಿಕ್ವಿಡ್, ಬಟ್ಟೆ ಪೌಡರ್. ಕಿರಾಣಿ ಅಂಗಡಿಯಲ್ಲಿ ಈ ಸಾಲು ನೋಡಿದ್ರೆ ಈಗ ಎಲ್ಲಾ ಕಡೆ ಒಂದು ಹಸಿರು ಎಲೆ ಚಿತ್ರ, ಪಕ್ಕದಲ್ಲಿ ‘ನ್ಯಾಚುರಲ್’, ‘ಬಯೋ’ ಅನ್ನೋ ಅಕ್ಷರ. "ಇದ್ರಲ್ಲಿ ಕೆಮಿಕಲ್ ಇಲ್ವಾ?" ಅಂತ ಗಿರಾಕಿ ಕೇಳ್ತಾರೆ. "ಇಲ್ಲ, ತಗೊಳ್ಳಿ ಅಕ್ಕಾ" ಅಂತ ಅಂಗಡಿಯವರು ಹೇಳ್ತಾರೆ. ಇಬ್ಬರಿಗೂ ಗೊತ್ತಿರೋದು ಬಾಟಲಿ ಮೇಲೆ ಬರೆದಿರೋದಷ್ಟೇ.

ಈ ಗದ್ದಲದ ನಡುವೆ ನಿಜಕ್ಕೂ ಬೇರೆಯದೇ ಆದ ಒಂದು ಸರಕು ಇದೆ. ಪೆಟ್ರೋಲಿಯಂನಿಂದ ಅಲ್ಲ, ಗಿಡದ ಕಾಯಿಯಿಂದಲೂ ಅಲ್ಲ, ಶಿಲೀಂಧ್ರದಿಂದ, ಅಂದ್ರೆ ನಮ್ಮ ಮಾತಿನಲ್ಲಿ ಬೂಷ್ಟಿನ ಜಾತಿಯ ಜೀವಿಗಳಿಂದ ತೆಗೆಯುವ ಕೊಳೆ ಬಿಡಿಸೋ ವಸ್ತು. ವಿದೇಶದಲ್ಲಿ ಇದು ಇಪ್ಪತ್ತು ವರ್ಷಕ್ಕೂ ಹಿಂದೆಯೇ ಮಾರುಕಟ್ಟೆಗೆ ಬಂದಿದೆ. ಇದು ಹೇಗೆ ತಯಾರಾಗುತ್ತೆ, ಇಷ್ಟೊಂದು ದುಬಾರಿ ಯಾಕೆ, ನಮ್ಮ ಅಂಗಡಿಯ ಬಾಟಲಿಯಲ್ಲಿ ಇದು ಇದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ ಅನ್ನೋದನ್ನು ನೋಡೋಣ.

ಮೊದಲು ಸೋಪು ಮಾಡೋ ಕೆಲಸ ಏನು?

ಕೆಸುವಿನ ಎಲೆ ಮೇಲೆ ನೀರು ಹಾಕಿದ್ರೆ ಮುತ್ತಿನ ಹಾಗೆ ಉರುಳಿ ಹೋಗುತ್ತೆ, ಎಲೆ ಒದ್ದೆ ಆಗಲ್ಲ. ಕೆರೆ ನೀರಿನ ಮೇಲೆ ಉದ್ದ ಕಾಲಿನ ಹುಳ ಮುಳುಗದೆ ಓಡಾಡುತ್ತೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಮೇಲ್ಭಾಗದಲ್ಲಿ ಒಂದು ಪೊರೆಯ ಹಾಗೆ ವರ್ತಿಸೋದೇ ಇದಕ್ಕೆ ಕಾರಣ. ಈ ಬಿಗಿತವನ್ನು ಅಳೆಯೋದಕ್ಕೆ ಒಂದು ಮಾನ ಇದೆ. ಶುದ್ಧ ನೀರಿಗೆ ಅದು ಸುಮಾರು 72. ಅಷ್ಟು ಬಿಗಿ ಇರೋ ನೀರು ಜಿಡ್ಡಿನೊಳಗೆ ನುಗ್ಗೋದಿಲ್ಲ.

ಸೋಪಿನ ಕಣಕ್ಕೆ ಎರಡು ತುದಿ. ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ ಇಷ್ಟ. ಎಣ್ಣೆ ಇಷ್ಟಪಡೋ ತುದಿ ಜಿಡ್ಡಿಗೆ ಚುಚ್ಚಿಕೊಳ್ಳುತ್ತೆ, ನೀರು ಇಷ್ಟಪಡೋ ತುದಿ ಹೊರಗೆ ಉಳಿಯುತ್ತೆ. ಜಿಡ್ಡು ಚಿಕ್ಕಚಿಕ್ಕ ಗುಂಡುಗಳಾಗಿ ನೀರಿನ ಜೊತೆ ಹೋಗಿಬಿಡುತ್ತೆ. ಈ ಥರ ಎರಡು ತುದಿ ಇರೋ ವಸ್ತುವಿಗೆ ಸರ್ಫ್ಯಾಕ್ಟಂಟ್ ಅಂತಾರೆ. ಹೆಸರು ದೊಡ್ಡದು, ಆದರೆ ನಮಗೆ ಹೊಸದಲ್ಲ. ಸೀಗೆಕಾಯಿ, ಅಂಟುವಾಳದ ಕಾಯಿಯಲ್ಲಿ ಇರೋದು ಇದರದೇ ಒಂದು ಜಾತಿ. ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ರಾಳ ಮತ್ತು ಸೋಡಾ ಕಾಯಿಸಿ ಬೆರೆಸ್ತಾರಲ್ಲ, ಆ ಅಂಟು ಕೂಡ ಇದೇ ಕೆಲಸ ಮಾಡುತ್ತೆ. ಔಷಧಿ ಗೊನೆ ಮೇಲಿಂದ ಉರುಳಿ ಬೀಳದೆ ಹರಡಿಕೊಂಡು ನಿಲ್ಲೋ ಹಾಗೆ ಮಾಡುತ್ತೆ.

ಇವತ್ತು ಮಾರಾಟವಾಗೋ ಬಟ್ಟೆ ಪೌಡರಿನ ಮುಖ್ಯ ಸರಕು ಮಾತ್ರ ಪೆಟ್ರೋಲಿಯಂ ಮೂಲದ್ದು. ಸಣ್ಣದಾಗಿ ಪೌಡರ್, ಲಿಕ್ವಿಡ್ ಮಾಡಿ ಮಾರೋರಿಗೆ ಇದು ‘ಆಸಿಡ್ ಸ್ಲರಿ’ ಅನ್ನೋ ಹೆಸರಲ್ಲಿ ಗೊತ್ತು. ಕ್ಯಾನಿನಲ್ಲಿ ಬರೋ ಕಂದು ಬಣ್ಣದ ಮಂದ ದ್ರವ. ಅಗ್ಗ, ನೊರೆ ಚೆನ್ನಾಗಿ ಬರುತ್ತೆ, ಕೊಳೆ ಬಿಡುತ್ತೆ.

ಇದರ ಹಿಂದಿನ ತಲೆಮಾರಿನ ಸರಕು ಇನ್ನೂ ಕೆಟ್ಟದಿತ್ತು. 1950ರ ದಶಕದಲ್ಲಿ ಯುರೋಪ್, ಅಮೆರಿಕದ ನದಿಗಳ ಮೇಲೆ ನೊರೆ ಗುಡ್ಡೆಗಟ್ಟಿ ನಿಲ್ತಿತ್ತು, ಯಾಕಂದ್ರೆ ಆ ಡಿಟರ್ಜೆಂಟ್ ಕಣಗಳನ್ನು ಬ್ಯಾಕ್ಟೀರಿಯಾ ಸುಲಭವಾಗಿ ತಿನ್ನಲಾರದು. ಪಶ್ಚಿಮ ಜರ್ಮನಿ ಕಾನೂನು ತಂದಿತು, 1960ರ ದಶಕದ ಮಧ್ಯದ ಹೊತ್ತಿಗೆ ಕಂಪನಿಗಳು ಈಗಿನ ಬಗೆಗೆ ಬದಲಾದವು. ಈಗಿನದು ಗಾಳಿ ಆಡುವ ನೀರಿನಲ್ಲಿ ಕೊಳೆಯುತ್ತೆ. ಗಾಳಿ ಸಿಗದ ಕೆಸರಿನಲ್ಲಿ ಕೊಳೆಯೋದು ಮಾತ್ರ ಬಹಳ ನಿಧಾನ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬರೋ ವಿಡಿಯೊ ನೋಡದವರು ಯಾರೂ ಇರಲಿಕ್ಕಿಲ್ಲ. ಸಂಸ್ಕರಣೆ ಆಗದ ಕೊಳಚೆ ಜೊತೆ ಬರೋ ಡಿಟರ್ಜೆಂಟ್ ಅದರ ದೊಡ್ಡ ಪಾಲು. ನಮ್ಮ ಪಟ್ಟಣದ ಚರಂಡಿ ನೀರೂ ಕೊನೆಗೆ ಯಾವುದೋ ಒಂದು ಕೆರೆಗೋ ಹಳ್ಳಕ್ಕೋ ಸೇರುತ್ತೆ ಅನ್ನೋದು ನೆನಪಿರಲಿ.

ಬೂಷ್ಟಿಗೆ ಸೋಪಿನ ಅಗತ್ಯ ಯಾಕೆ ಬಂತು?

ಶಿಲೀಂಧ್ರಕ್ಕೆ ಬಾಯಿ ಇಲ್ಲ, ಹೊಟ್ಟೆ ಇಲ್ಲ. ಊಟ ಇರೋ ಜಾಗಕ್ಕೆ ರಸ ಬಿಟ್ಟು, ಅಲ್ಲೇ ಜೀರ್ಣ ಮಾಡಿ, ಕರಗಿದ್ದನ್ನು ಹೀರಿಕೊಳ್ಳೋದು ಅದರ ರೀತಿ. ಊಟ ಎಣ್ಣೆ ರೂಪದಲ್ಲಿ ಇದ್ದರೆ ಅದನ್ನು ಮೊದಲು ಸಣ್ಣ ಹನಿಗಳಾಗಿ ಒಡೆಯಬೇಕು. ಅದಕ್ಕೇ ಕೆಲವು ಜಾತಿಗಳು ತಮ್ಮ ಸೋಪನ್ನು ತಾವೇ ತಯಾರಿಸಿಕೊಳ್ತವೆ.

ಎರಡನೇ ಕಾರಣ ಇನ್ನೂ ಸ್ವಾರಸ್ಯಕರ. ಮಣ್ಣಿನ ಒದ್ದೆಯಲ್ಲಿ ಬೆಳೆಯೋ ಬೂಷ್ಟಿನ ಎಳೆ ಬೀಜಕಣ ಹಾರಿಸಬೇಕಂದ್ರೆ ನೀರಿನಿಂದ ಗಾಳಿಗೆ ತಲೆ ಎತ್ತಬೇಕು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಆ ಎಳೆಗೆ ನೀರಿನ ಮೇಲಿನ ಪೊರೆ ಅಂದ್ರೆ ಗೋಡೆ ಇದ್ದ ಹಾಗೆ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1999ರಲ್ಲಿ ಮರದ ಮೇಲೆ ಬೆಳೆಯೋ ಒಂದು ಶಿಲೀಂಧ್ರ ಇಟ್ಟುಕೊಂಡು ಇದನ್ನು ತೋರಿಸಿಕೊಟ್ಟರು. ಆ ಶಿಲೀಂಧ್ರ ಹೈಡ್ರೊಫೋಬಿನ್ ಅನ್ನೋ ಪುಟ್ಟ ಪ್ರೋಟೀನನ್ನು ನೀರಿಗೆ ಬಿಡುತ್ತೆ, ನೀರಿನ ಬಿಗಿತ 72ರಿಂದ 24ರವರೆಗೆ ಇಳಿಯುತ್ತೆ, ಆಮೇಲೆ ಎಳೆ ಸಲೀಸಾಗಿ ಹೊರಗೆ ಬರುತ್ತೆ. ಹೊರಗೆ ಬಂದ ಎಳೆಗೆ ಅದೇ ಪ್ರೋಟೀನು ರೈನ್‌ಕೋಟ್ ಥರ ಅಂಟಿಕೊಳ್ಳುತ್ತೆ. ಬೂಷ್ಟು ಹಿಡಿದ ರೊಟ್ಟಿ ಮೇಲೆ ನೀರು ಚಿಮುಕಿಸಿದ್ರೆ ಹನಿಗಳು ಒಳಗೆ ಇಳಿಯದೆ ಮೇಲೇ ನಿಲ್ಲೋದು ಇದರಿಂದಲೇ.

ನಮ್ಮ ರೈತರಿಗೆ ಪರಿಚಯ ಇರೋ ಟ್ರೈಕೋಡರ್ಮಾ ಕೂಡ ಈ ಪ್ರೋಟೀನು ತಯಾರಿಸೋ ಕುಲದ್ದೇ. ಶುಂಠಿ, ಮೆಣಸು, ಅಡಿಕೆಯ ಬೇರು ಕೊಳೆಯೋದಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಹಾಕೋ ಪುಡಿ ಇದೆಯಲ್ಲ, ಅದು. ಅಪ್ಪಟ ಮಣ್ಣಿನ ಶಿಲೀಂಧ್ರ. ಅದರದೇ ಇನ್ನೊಂದು ಜಾತಿ ಎರಡನೇ ಮಹಾಯುದ್ಧದ ಸಮಯದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಟೆಂಟಿನ ಬಟ್ಟೆ ತಿಂದು ಹಾಳು ಮಾಡಿ ಸಿಕ್ಕಿಬಿದ್ದಿದ್ದು. ಹೈಡ್ರೊಫೋಬಿನ್ ಬಗ್ಗೆ ಹೆಚ್ಚು ಅಧ್ಯಯನ ಆಗಿರೋ ಶಿಲೀಂಧ್ರಗಳಲ್ಲಿ ಇದೂ ಒಂದು. ಹಾಗಂತ ಟ್ರೈಕೋಡರ್ಮಾ ಪ್ಯಾಕೆಟ್ ಒಡೆದು ಪಾತ್ರೆ ತೊಳೆಯೋಕೆ ಹೋಗಬೇಡಿ. ಅದರಲ್ಲಿ ಇರೋದು ಬೀಜಕಣ, ಸೋಪಲ್ಲ.

ಈ ಪ್ರೋಟೀನಿನ ನೊರೆಗೆ ಎಷ್ಟು ಶಕ್ತಿ ಇದೆ ಅಂತ ಗೊತ್ತಾಗಬೇಕಂದ್ರೆ ಬಿಯರ್ ಕಾರ್ಖಾನೆಯವರನ್ನು ಕೇಳಬೇಕು. ಬಾರ್ಲಿಗೆ ಫ್ಯುಸೇರಿಯಂ ಅನ್ನೋ ಬೂಷ್ಟು ಹತ್ತಿದ್ದರೆ ಅದರ ಹೈಡ್ರೊಫೋಬಿನ್ ಬಿಯರಿನವರೆಗೂ ಬರುತ್ತೆ. ಮುಚ್ಚಳ ತೆಗೆದ ಕೂಡಲೇ, ಅಲುಗಾಡಿಸದೇ ಇದ್ರೂ, ಅರ್ಧ ಬಾಟಲಿ ನೊರೆಯಾಗಿ ಉಕ್ಕಿ ಹೋಗುತ್ತೆ.

ಮಣ್ಣಿನಿಂದ ಆರಿಸೋದು ಹೇಗೆ?

ಎಲ್ಲಾ ಬೂಷ್ಟೂ ಸೋಪು ಕೊಡಲ್ಲ. ಹಾಗಾಗಿ ಹುಡುಕೋರು ಎಣ್ಣೆ ಬಿದ್ದ ಮಣ್ಣಿಗೆ ಹೋಗ್ತಾರೆ. ಗ್ಯಾರೇಜಿನ ಮುಂದಿನ ಕಪ್ಪು ಮಣ್ಣು, ಪೆಟ್ರೋಲ್ ಬಂಕಿನ ಪಕ್ಕದ ಮಣ್ಣು, ಎಣ್ಣೆ ಗಾಣದ ಹಿತ್ತಲು. ಅಲ್ಲಿ ಬದುಕಿರೋ ಜೀವಿಗೆ ಎಣ್ಣೆ ಒಡೆಯೋ ದಾರಿ ಗೊತ್ತಿರೋ ಸಾಧ್ಯತೆ ಜಾಸ್ತಿ ಅನ್ನೋ ಲೆಕ್ಕ.

ಒಂದು ಗ್ರಾಂ ಮಣ್ಣನ್ನು ಶುದ್ಧ ನೀರಿನಲ್ಲಿ ಕದಡಿ, ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು ಅಂತ ತೆಳು ಮಾಡುತ್ತಾ ಹೋಗ್ತಾರೆ. ಕೊನೆಗೆ ಬೇರೆ ಬೇರೆಯಾಗಿ ಎಣಿಸೋಕೆ ಬರುವಷ್ಟೇ ಜೀವಿಗಳು ಉಳೀತವೆ. ಅದನ್ನು ಆಲೂಗಡ್ಡೆ ಕಷಾಯ, ಸಕ್ಕರೆ, ಅಗರ್ ಸೇರಿಸಿ ಗಟ್ಟಿ ಮಾಡಿದ ತಟ್ಟೆಗೆ ಸವರ್ತಾರೆ. ಬ್ಯಾಕ್ಟೀರಿಯಾ ಏಳದಂತೆ ಒಂದು ಚೂರು ಆಂಟಿಬಯೋಟಿಕ್. ನಾಲ್ಕೈದು ದಿನಕ್ಕೆ ಬಿಳಿ, ಹಸಿರು, ಕಪ್ಪು ಚುಕ್ಕೆಗಳು ಎದ್ದು ಬರ್ತವೆ. ಒಂದೊಂದನ್ನೂ ಬೇರೆ ಮಾಡಿ, ಸಕ್ಕರೆ ಮತ್ತು ಎಣ್ಣೆ ಇರೋ ದ್ರವದಲ್ಲಿ ಬೆಳೆಸಿ, ಸೋಸಿ, ಆ ದ್ರವವನ್ನು ಪರೀಕ್ಷೆ ಮಾಡ್ತಾರೆ.

ಪರೀಕ್ಷೆಗಳು ಕೇಳೋಕೆ ಬಹಳ ಸರಳ. ಒಂದು ತಟ್ಟೆಯಲ್ಲಿ ನೀರು, ಮೇಲೆ ತೆಳುವಾಗಿ ಹರಡಿದ ಎಣ್ಣೆ. ನಡುವೆ ಆ ದ್ರವದ ಒಂದು ಹನಿ ಬಿಟ್ಟರೆ ಎಣ್ಣೆ ಸುತ್ತಲೂ ಸರಿದು ನಡುವೆ ಬಯಲು ಕಾಣಬೇಕು. ಬಯಲು ದೊಡ್ಡದಾದಷ್ಟೂ ಸರಕು ಗಟ್ಟಿ. ನೀರಿನ ತಟ್ಟೆ ಮೇಲೆ ಮೆಣಸಿನ ಪುಡಿ ಉದುರಿಸಿ ಸೋಪು ಹಚ್ಚಿದ ಬೆರಳು ಇಟ್ಟರೆ ಪುಡಿ ಓಡಿಹೋಗೋ ಆಟವನ್ನು ಶಾಲೆ ಮಕ್ಕಳು ಮಾಡ್ತಾರಲ್ಲ, ಅದೇ ಇದು. ಇನ್ನೊಂದು ಪರೀಕ್ಷೆಯಲ್ಲಿ ಆ ದ್ರವ ಮತ್ತು ಎಣ್ಣೆಯನ್ನು ಸಮ ಅಳತೆಯಲ್ಲಿ ಕೊಳವೆಗೆ ಹಾಕಿ ಎರಡು ನಿಮಿಷ ಜೋರಾಗಿ ಕುಲುಕಿ 24 ಗಂಟೆ ಬಿಡ್ತಾರೆ. ಮರುದಿನ ಮಜ್ಜಿಗೆ ಥರ ಬೆರೆತು ನಿಂತ ಪದರ ಒಟ್ಟು ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಆ ತಳಿಯನ್ನು ಎತ್ತಿಡ್ತಾರೆ.

ಇಲ್ಲಿಯವರೆಗೆ ಕೆಲಸ ಯಾವುದೇ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಆಗುತ್ತೆ. ಕಷ್ಟ ಶುರುವಾಗೋದು ಇದಾದ ಮೇಲೆ.

ಗೆದ್ದಿದ್ದು ಮಣ್ಣಿನದಲ್ಲ, ಜೇನಿನದು

ಇಷ್ಟು ವರ್ಷ ಮಣ್ಣು ಜಾಲಾಡಿದರೂ ಶಿಲೀಂಧ್ರಗಳ ಪೈಕಿ ಕಾರ್ಖಾನೆ ಮಟ್ಟದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತಿರೋದು ಬೇರೆ ಕಡೆ ಸಿಕ್ಕ ಒಂದು ಯೀಸ್ಟ್. ಯೀಸ್ಟ್ ಕೂಡ ಶಿಲೀಂಧ್ರವೇ, ಬ್ರೆಡ್ ಉಬ್ಬಿಸೋದರ ದೂರದ ಸಂಬಂಧಿ. ಕೆನಡಾದ ವಿಜ್ಞಾನಿಗಳು 1961ರಲ್ಲಿ ಒಂದು ಯೀಸ್ಟಿನಿಂದ ಸೋಫೊರೊಲಿಪಿಡ್ ಅನ್ನೋ ಸರ್ಫ್ಯಾಕ್ಟಂಟ್ ಕಂಡುಹಿಡಿದರು. ಆಮೇಲೆ 1970ರಲ್ಲಿ ಬಂಬಲ್ ಬೀ ಅನ್ನೋ ದಪ್ಪ ಜೇನುಹುಳದ ತುಪ್ಪದಲ್ಲಿ ಸಿಕ್ಕ ಯೀಸ್ಟನ್ನು ಅದೇ ತಂಡ ವಿವರಿಸಿತು. ಅದರ ಈಗಿನ ಹೆಸರು ಸ್ಟಾರ್ಮೆರೆಲ್ಲಾ ಬೊಂಬಿಕೋಲಾ. ಕಾರ್ಖಾನೆಗಳ ಕುದುರೆ ಇದೇ.

ಇದು ಗೆದ್ದಿದ್ದು ಮುಖ್ಯವಾಗಿ ಇಳುವರಿಯಿಂದ. ಮಣ್ಣಿನ ಬಹಳಷ್ಟು ಶಿಲೀಂಧ್ರಗಳು ಲೀಟರಿಗೆ ಕೆಲವೇ ಗ್ರಾಂ ಸರಕು ಕೊಟ್ಟು ಸುಸ್ತಾಗ್ತವೆ. ಮೇಲಾಗಿ ಎಳೆಎಳೆಯಾಗಿ ಬೆಳೆದು ಟ್ಯಾಂಕನ್ನು ಗಂಜಿ ಮಾಡಿಬಿಡ್ತವೆ, ಗಾಳಿ ಆಡಲ್ಲ. ಈ ಯೀಸ್ಟ್ ಬಿಡಿಬಿಡಿ ಕಣವಾಗಿ ಬೆಳೆಯುತ್ತೆ, ಲೀಟರಿಗೆ 100 ಗ್ರಾಂ ದಾಟಿ ಕೊಡುತ್ತೆ. ಮನುಷ್ಯರಿಗೆ ಕಾಯಿಲೆ ತರೋದಲ್ಲ ಅನ್ನೋದೂ ಒಂದು ದೊಡ್ಡ ಅನುಕೂಲ.

ತಯಾರಿಕೆ ಹೀಗೆ. ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ನೀರು, ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ ಅಂಶ, ಸ್ವಲ್ಪ ಸಾರಜನಕ. ಹಬೆಯಲ್ಲಿ ಬೇಯಿಸಿ ಬೇರೆ ಯಾವ ಜೀವಿಯೂ ಉಳಿಯದಂತೆ ಮಾಡಿ, ತಣಿದ ಮೇಲೆ ಯೀಸ್ಟ್ ಬಿಡ್ತಾರೆ. ಶಾಖ 25ರಿಂದ 30 ಡಿಗ್ರಿ. ಸೋಸಿದ ಗಾಳಿಯನ್ನು ಹಗಲು ರಾತ್ರಿ ಊದಬೇಕು. ಯೀಸ್ಟ್ ಬೆಳೆದು, ಸಾರಜನಕ ಮುಗಿದು, ಇನ್ನು ಸಂಖ್ಯೆ ಹೆಚ್ಚಿಸೋಕೆ ಆಗದ ಸ್ಥಿತಿಗೆ ಬಂದಾಗ ಅದು ಸೋಫೊರೊಲಿಪಿಡ್ ಕೂಡಿಡೋಕೆ ಶುರು ಮಾಡುತ್ತೆ. ಆಗ ಅಡುಗೆ ಎಣ್ಣೆ ಸ್ವಲ್ಪಸ್ವಲ್ಪ ಉಣಿಸ್ತಾರೆ. ಸಕ್ಕರೆಯಿಂದ ಒಂದು ತುದಿ, ಎಣ್ಣೆಯಿಂದ ಇನ್ನೊಂದು ತುದಿ. ವಾರ ಹತ್ತು ದಿನದಲ್ಲಿ ಕಂದು ಬಣ್ಣದ, ಜೋನಿಬೆಲ್ಲದ ಥರದ ಮಂದ ದ್ರವ ತಳ ಸೇರುತ್ತೆ. ಬಿಸಿ ಮಾಡಿ ತಳದಿಂದ ಇಳಿಸಿಕೊಂಡು, ತೊಳೆದು ಶುದ್ಧ ಮಾಡ್ತಾರೆ.

ಜಪಾನಿನ ಸರಾಯಾ ಕಂಪನಿ 2001ರಲ್ಲಿ ಇದನ್ನು ಪಾತ್ರೆ ತೊಳೆಯೋ ಮೆಷಿನ್ನಿನ ಡಿಟರ್ಜೆಂಟಿಗೆ ಹಾಕಿ ಮಾರಾಟಕ್ಕೆ ತಂದಿತು. ಬೆಲ್ಜಿಯಂ ಮೂಲದ ಇಕೋವರ್ ಕೂಡ ಬಳಸಿದೆ. ಜರ್ಮನಿಯ ಎವೊನಿಕ್ ಕಂಪನಿ ಸ್ಲೊವಾಕಿಯಾದಲ್ಲಿ 2024ರಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಆದರೆ ಅಲ್ಲಿ ತಯಾರಾಗೋದು ರ‍್ಯಾಮ್ನೊಲಿಪಿಡ್, ಅದು ಬ್ಯಾಕ್ಟೀರಿಯಾದಿಂದ ಬರೋದು, ಶಿಲೀಂಧ್ರದಿಂದ ಅಲ್ಲ.

ರೇಟು ಯಾಕೆ ಇಳಿಯಲ್ಲ?

ಲೆಕ್ಕವನ್ನು ಅಂಗಡಿಯವರೇ ಹಾಕಬಹುದು. ಕೆಲಸ ಚೆನ್ನಾಗಿ ನಡೆದರೆ, ಹಾಕಿದ ಸಕ್ಕರೆ ಮತ್ತು ಎಣ್ಣೆಯ ಒಟ್ಟು ತೂಕದಲ್ಲಿ ಅರ್ಧದಿಂದ ಮೂರನೇ ಎರಡು ಪಾಲು ಸರಕಾಗಿ ಸಿಗುತ್ತೆ. ಅಂದ್ರೆ ಒಂದು ಕೆಜಿ ಸೋಫೊರೊಲಿಪಿಡ್‌ಗೆ ಒಂದೂವರೆಯಿಂದ ಎರಡು ಕೆಜಿ ಸಕ್ಕರೆ-ಎಣ್ಣೆ. ಹೋಲ್‌ಸೇಲ್ ರೇಟಿನಲ್ಲೇ ಕೂಡಿಸಿ ನೋಡಿ, ಬರೀ ಊಟದ ಖರ್ಚು ಎಷ್ಟಾಗುತ್ತೆ ಅಂತ. ಅದರ ಮೇಲೆ ಹಬೆ, ಗಾಳಿ ಊದೋ ಕರೆಂಟು, ಹತ್ತು ದಿನ ಒಂದೇ ಸರಕಿಗೆ ಕಟ್ಟಿಬಿದ್ದ ಟ್ಯಾಂಕು, ಶುದ್ಧ ಮಾಡೋ ಕೂಲಿ. ನಡುವೆ ಬೇರೆ ಬ್ಯಾಕ್ಟೀರಿಯಾ ಸೇರಿದ್ರೆ ಇಡೀ ಟ್ಯಾಂಕು ಚರಂಡಿಗೆ. ಆಸಿಡ್ ಸ್ಲರಿ ಜೊತೆ ಇದು ಬೆಲೆಯಲ್ಲಿ ಪೈಪೋಟಿ ಕೊಡೋದು ಸದ್ಯಕ್ಕೆ ಕಷ್ಟ, ಹಲವು ಪಟ್ಟು ದುಬಾರಿ. ಕ್ರೀಮು, ಫೇಸ್‌ವಾಷ್ ಥರದ ಹೆಚ್ಚು ಬೆಲೆಯ ಸರಕಿಗೆ ಇದು ಮೊದಲು ಹೋಗ್ತಿರೋದು ಅದಕ್ಕೇ.

ಖರ್ಚು ಇಳಿಸೋಕೆ ಕಾಕಂಬಿ ಹಾಕಿ, ಕರಿದು ಬಿಟ್ಟ ಎಣ್ಣೆ ಹಾಕಿ ಪ್ರಯೋಗ ಮಾಡಿದ್ದಾರೆ. ಯೀಸ್ಟು ಎರಡನ್ನೂ ತಿನ್ನುತ್ತೆ. ನಮ್ಮಂಥ ಊರಿಗೆ ಸಂಬಂಧ ಬರೋದು ಇಲ್ಲಿ. ಸಕ್ಕರೆ ಕಾರ್ಖಾನೆ ಇರೋ ಜಿಲ್ಲೆಗಳಲ್ಲಿ ಕಾಕಂಬಿ ಇದೆ, ಬಜ್ಜಿ-ಬೋಂಡಾ ಅಂಗಡಿ, ಹೋಟೆಲ್ ಇರೋ ಕಡೆಯೆಲ್ಲಾ ಕರಿದ ಎಣ್ಣೆ ಇದೆ. ಆ ಎಣ್ಣೆಯಲ್ಲಿ ಕೆಟ್ಟ ಅಂಶ 25% ದಾಟಿದರೆ ಮತ್ತೆ ಅಡುಗೆಗೆ ಬಳಸುವಂತಿಲ್ಲ ಅಂತ ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಅಂಥ ಎಣ್ಣೆ ಒಟ್ಟು ಮಾಡಿ ಬಯೋಡೀಸೆಲ್‌ಗೆ ಕಳಿಸೋ ‘ರೂಕೊ’ ಯೋಜನೆಯೂ ಅದೇ ವರ್ಷ ಬಂತು. ನಾಳೆ ಸೋಪಿನ ಕಾರ್ಖಾನೆಗೂ ಈ ಎಣ್ಣೆ ಬೇಕಾಗಬಹುದು. ಆದರೆ ಕಾಕಂಬಿಗೆ ಈಗಾಗಲೇ ಎಥೆನಾಲ್ ಕಡೆಯಿಂದ ಬೇಡಿಕೆ ಇದೆ. ಕರಿದ ಎಣ್ಣೆ ಒಂದೊಂದು ಅಂಗಡಿಯದು ಒಂದೊಂದು ಥರ, ಮಸಾಲೆ, ಕರಕಲು, ವಾಸನೆ ಎಲ್ಲಾ ಸೇರಿರುತ್ತೆ. ಶುದ್ಧ ಮಾಡೋ ಖರ್ಚು ಮತ್ತೆ ಮೇಲಕ್ಕೆ ಹೋಗುತ್ತೆ. ಹತ್ತಿರದಲ್ಲೇ ಇಲ್ಲಿ ಘಟಕ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಸ್ವಲ್ಪ ತಡೆದು ಕೇಳೋದು ಒಳ್ಳೇದು.

ಮನೆಯಲ್ಲಿ ಮಾಡೋ ಸರಕಲ್ಲ

ಮಹಿಳಾ ಸಂಘಗಳವರು ಫಿನಾಯಿಲ್, ಸೋಪಾಯಿಲ್ ಮಾಡಿ ಮಾರೋದು ಎಲ್ಲಾ ಊರಲ್ಲೂ ಇದೆ. ಹಣ್ಣಿನ ಸಿಪ್ಪೆ, ಬೆಲ್ಲ, ನೀರು ಸೇರಿಸಿ ಮೂರು ತಿಂಗಳು ಇಡೋ ‘ಬಯೋ ಎಂಜೈಮ್’ ಕೂಡ ಕೆಲವರು ಮಾಡ್ತಾರೆ. ಅದು ಬೇರೆ. ಅದರಲ್ಲಿ ಕೊಳೆ ಬಿಡಿಸೋದು ಮುಖ್ಯವಾಗಿ ಹುಳಿ. ನೊರೆ ಬೇಕಂದ್ರೆ ಅಂಟುವಾಳದ ರಸ ಸೇರಿಸ್ತಾರೆ.

ಮಣ್ಣಿನ ಬೂಷ್ಟನ್ನು ಮನೆಯಲ್ಲಿ ಬೆಳೆಸಿ ಸೋಪು ತೆಗೆಯೋ ಪ್ರಯತ್ನ ಮಾತ್ರ ಬೇಡವೇ ಬೇಡ. ಬರೀ ಕಣ್ಣಿಗೆ ಹಸಿರು ಬೂಷ್ಟು ಎಲ್ಲಾ ಒಂದೇ. ಅದರಲ್ಲಿ ಯಾವುದು ಅಫ್ಲಾಟಾಕ್ಸಿನ್ ವಿಷ ಬಿಡೋ ಜಾತಿ, ಯಾವುದು ಶ್ವಾಸಕೋಶಕ್ಕೆ ಇಳಿಯೋ ಜಾತಿ ಅಂತ ಲ್ಯಾಬಿನಲ್ಲೇ ನೋಡಬೇಕು. 2021ರಲ್ಲಿ ಕೋವಿಡ್ ಬಂದವರಿಗೆ ‘ಬ್ಲ್ಯಾಕ್ ಫಂಗಸ್’ ಕಾಡಿದ್ದು ನೆನಪಿದೆಯಲ್ಲ, ಅದರ ಬೀಜಕಣಗಳೂ ಮಣ್ಣಿನಲ್ಲಿ, ಕೊಳೆತ ವಸ್ತುವಿನಲ್ಲಿ ಇರೋದೇ. ಸಕ್ಕರೆ ಕಾಯಿಲೆ ಇರೋರು, ವಯಸ್ಸಾದವರು ಇರೋ ಮನೆಯಲ್ಲಿ ಬಕೆಟ್ಟುಗಟ್ಟಲೆ ಬೂಷ್ಟು ಬೆಳೆಸೋದು ಅಪಾಯವನ್ನು ಕರೆದು ಕೂರಿಸಿಕೊಂಡ ಹಾಗೆ. ‘ಫಂಗಸ್ ಸೋಪ್ ಕಿಟ್’, ‘ಟ್ರೇನಿಂಗ್’ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ, ಯಾವ ತಳಿ, ಎಲ್ಲಿ ಪರೀಕ್ಷೆ ಆಗಿದೆ ಅಂತ ಬರವಣಿಗೆಯಲ್ಲಿ ಕೇಳಿ.

ನೊರೆ ಮತ್ತು ಲೇಬಲ್ಲು

ಸೋಫೊರೊಲಿಪಿಡ್‌ನದ್ದು ಇನ್ನೊಂದು ಗುಣ ಇದೆ, ನೊರೆ ಕಡಿಮೆ. ಮೆಷಿನ್ನಿಗೆ ಅದು ವರ, ನಮ್ಮ ಬಚ್ಚಲು ಕಲ್ಲಿಗೆ ಶಾಪ. ನೊರೆ ಬರದ ಸೋಪನ್ನು ಗಿರಾಕಿ ಮರುದಿನವೇ ವಾಪಸ್ ತಂದು ಕೌಂಟರ್ ಮೇಲೆ ಇಡ್ತಾರೆ. ನಿಜ ಹೇಳಬೇಕಂದ್ರೆ ನೊರೆಗೂ ಕೊಳೆ ಹೋಗೋದಕ್ಕೂ ನೇರ ಸಂಬಂಧ ಇಲ್ಲ. ಆದರೂ ಅಭ್ಯಾಸ ಬಿಡೋದು ಕಷ್ಟ. ಹೀಗಾಗಿ ಇದನ್ನು ಬಳಸೋ ಕಂಪನಿಗಳೂ ಬಹಳ ಸಲ ನೊರೆ ಬರೋ ಬೇರೆ ಸರಕಿನ ಜೊತೆ ಬೆರೆಸಿಯೇ ಕೊಡ್ತವೆ.

ಬಾಟಲಿ ಮುಂದಿನ ಎಲೆ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ‘ಸೋಫೊರೊಲಿಪಿಡ್’ ಅಂತಲೋ, ಕ್ರೀಮು-ಫೇಸ್‌ವಾಷ್ ಆದರೆ ‘ಕ್ಯಾಂಡಿಡಾ ಬೊಂಬಿಕೋಲಾ’ ಅನ್ನೋ ಪದ ಇರೋ ಉದ್ದ ಹೆಸರಲ್ಲೋ ಬರೆದಿದ್ದರೆ ಅದು ಈ ಯೀಸ್ಟಿನ ಸರಕು. ಬೊಂಬಿಕೋಲಾದ ಹಳೆ ಹೆಸರು ಅದು. ‘ಎಂಜೈಮ್’ ಅಂತ ಮಾತ್ರ ಇದ್ದರೆ ಅದು ಸರ್ಫ್ಯಾಕ್ಟಂಟ್ ಅಲ್ಲ, ಕಲೆ ಕತ್ತರಿಸೋ ಪ್ರೋಟೀನು. ಡೆನ್ಮಾರ್ಕಿನ ನೊವೊ ಕಂಪನಿ 1988ರಲ್ಲೇ ಒಂದು ಶಿಲೀಂಧ್ರದ ಎಂಜೈಮನ್ನು ಡಿಟರ್ಜೆಂಟಿಗೆ ತಂದಿದೆ. ‘ಎಸ್‌ಎಲ್‌ಇಎಸ್’, ‘ಲಿನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್’ ಅಂತಿದ್ದರೆ ಅದು ನಮ್ಮ ಹಳೇ ಪರಿಚಯದ ಕಾರ್ಖಾನೆ ಸರಕೇ, ಮುಂದೆ ಎಷ್ಟು ಎಲೆ ಬಿಡಿಸಿದ್ರೂ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ಹೊರಡಿಸಿದೆ. ‘ನ್ಯಾಚುರಲ್’, ‘ಇಕೋ ಫ್ರೆಂಡ್ಲಿ’ ಥರದ ಮಾತನ್ನು ಜಾಹೀರಾತಿನಲ್ಲಿ ಸುಮ್ಮನೆ ಬಳಸುವಂತಿಲ್ಲ, ಯಾವ ಅಂಶಕ್ಕೆ, ಯಾವ ಆಧಾರದ ಮೇಲೆ ಅಂತ ತೋರಿಸಬೇಕು. ಸ್ಥಳೀಯವಾಗಿ ಬಾಟಲಿ ತುಂಬಿಸಿ ತಮ್ಮದೇ ಲೇಬಲ್ ಹಚ್ಚಿ ಮಾರೋ ಅಂಗಡಿಯವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಏಜೆಂಟರು ಹೊಸ ‘ಬಯೋ’ ಸರಕು ತಂದರೆ ಪದಾರ್ಥಗಳ ಪಟ್ಟಿ, ಪರೀಕ್ಷಾ ವರದಿ ಕೇಳಿ ಇಸಿದುಕೊಂಡು ಬಿಲ್ಲಿನ ಜೊತೆ ಫೈಲ್ ಮಾಡಿ. ಗಿರಾಕಿಗಳಿಗೆ ಲೇಬಲ್ ಬಗ್ಗೆ ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಾಟಲಿಯ ಹಿಂದಿನ ಭಾಗದ ಫೋಟೊ ಮತ್ತು ಬಿಲ್ಲು ಕೈಯಲ್ಲಿ ಇರಲಿ.